ಲೀಗ್ ಮುಗಿದ ಮೇಲೆ ನಾಕೌಟ್ ಏಕೆ? ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಕಾನ್ಫರೆನ್ಸ್ ಟೂರ್ನಿಗಳು

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ಪದವಿ ಓದುತ್ತಿದ್ದಾಳೆ, ಕಾಲೇಜು ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಅಮೆರಿಕದ ಮಹಿಳಾ ಕಾಲೇಜು ಪಂದ್ಯಗಳನ್ನು ನಾವಿಬ್ಬರೂ ಆಸಕ್ತಿಯಿಂದ ನೋಡುತ್ತೇವೆ. 2022ರಲ್ಲಿ ಸೌತ್ ಕ್ಯಾರೊಲೈನಾ ತಂಡ ತನ್ನ ಕಾನ್ಫರೆನ್ಸ್ ಟೂರ್ನಿಯ ಫೈನಲ್‌ನಲ್ಲಿ ಕೆಂಟಕಿಗೆ ಸೋತಿತು. ಆದರೂ ಮುಂದಿನ ತಿಂಗಳು ರಾಷ್ಟ್ರೀಯ ಚಾಂಪಿಯನ್ ಆಯಿತು. 2025ರಲ್ಲಿ ಅದೇ ಟೂರ್ನಿಗೆ ಅಗ್ರ ಶ್ರೇಯಾಂಕದ ತಂಡವನ್ನು ನಾಣ್ಯ ಚಿಮ್ಮಿ ನಿರ್ಧರಿಸಿದರು. ಎರಡು ತಿಂಗಳ ಲೀಗ್‌ನಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದು ತಿಳಿದ ಮೇಲೆ ಮತ್ತೆ ಐದು ದಿನಗಳ ನಾಕೌಟ್ ಆಡಿಸುವುದು ಏಕೆ? ಸೋತವರಿಗೆ ನಷ್ಟವಿಲ್ಲ ಎಂದಾದರೆ ಗೆದ್ದವರಿಗೆ ಸಿಗುವುದಾದರೂ ಏನು? ನಮ್ಮ ಕಡೆಯ ಹುಡುಗಿಯರು ಯಾರಾದರೂ ಆ ಮಟ್ಟದಲ್ಲಿ ಆಡಿದ್ದಾರೆಯೇ?

ಉತ್ತರ: ತಾವು ಹೇಳಿದ ಎರಡೂ ಸಂಗತಿಗಳು ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ ಟೂರ್ನಿಗೆ ಸೇರಿದವು. ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂದು ಅತ್ಯಂತ ಬಲಿಷ್ಠ ಕಾನ್ಫರೆನ್ಸ್ ಅದೇ. ಅಲ್ಲಿಂದ ನೋಡಿದವರಿಗೆ ಈ ಟೂರ್ನಿ ಅನಗತ್ಯವೆನಿಸುವುದು ಸಹಜ, ಏಕೆಂದರೆ ಅಲ್ಲಿನ ಮೇಲಿನ ಆರೇಳು ತಂಡಗಳಿಗೆ ರಾಷ್ಟ್ರೀಯ ಟೂರ್ನಿಯಲ್ಲಿ ಸ್ಥಾನ ಮೊದಲೇ ಖಚಿತವಾಗಿರುತ್ತದೆ. ಆದರೆ ಕಾನ್ಫರೆನ್ಸ್ ಟೂರ್ನಿಯ ಉದ್ದೇಶ ಅತ್ಯುತ್ತಮ ತಂಡವನ್ನು ಕಂಡುಹಿಡಿಯುವುದು ಎಂದು ಭಾವಿಸಿದರೆ ಅದನ್ನು ತಪ್ಪು ಮಾನದಂಡದಿಂದ ಅಳೆದಂತಾಗುತ್ತದೆ. ಆ ಕೆಲಸವನ್ನು ಲೀಗ್ ಆಗಲೇ ಮಾಡಿ ಮುಗಿಸಿರುತ್ತದೆ. ಇನ್ನೂ ಬಾಗಿಲು ತೆರೆಯದ ತಂಡಗಳಿಗೆ ಕೊನೆಯದಾಗಿ ಒಂದು ಬಾಗಿಲನ್ನು ತೆರೆದಿಡುವುದಕ್ಕಾಗಿ ಈ ಟೂರ್ನಿ ಇದೆ. ಅದು ಚೆನ್ನಾಗಿ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನೂ ಆ ದೃಷ್ಟಿಯಿಂದಲೇ ತೀರ್ಮಾನಿಸಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ವ್ಯವಸ್ಥೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೊದಲ ವಿಭಾಗದಲ್ಲಿ 350ಕ್ಕೂ ಹೆಚ್ಚು ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಗಳಿವೆ. ಇವು ಕಾನ್ಫರೆನ್ಸ್ ಎಂಬ ಗುಂಪುಗಳಾಗಿ ಹಂಚಿಕೊಂಡಿವೆ. 2024-25ರ ಋತುವಿನಲ್ಲಿ ಅಂಥ ಗುಂಪುಗಳು 31 ಇದ್ದವು. ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಗೆ 68 ತಂಡಗಳಿಗೆ ಪ್ರವೇಶವಿದೆ. ಅವುಗಳಲ್ಲಿ 31 ಸ್ಥಾನಗಳು ಪ್ರತಿ ಕಾನ್ಫರೆನ್ಸ್‌ಗೆ ಒಂದರಂತೆ ನೇರವಾಗಿ ಹೋಗುತ್ತವೆ, ಉಳಿದ 37 ತಂಡಗಳನ್ನು ಆಯ್ಕೆ ಸಮಿತಿಯೊಂದು ಇಡೀ ಋತುವಿನ ಸಾಧನೆಯನ್ನು ನೋಡಿ ಆರಿಸುತ್ತದೆ. ನಮ್ಮಲ್ಲಿ ವಿಶ್ವವಿದ್ಯಾಲಯದ ತಂಡಗಳು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಮುಂದೆ ಬಂದು ಅಖಿಲ ಭಾರತ ಹಂತಕ್ಕೆ ಹೋಗುವ ಕ್ರಮವನ್ನು ತಮ್ಮ ಮಗಳು ಬಲ್ಲಳು. ಅದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಅಮೆರಿಕದಲ್ಲಿ ಆಯ್ಕೆ ಸಮಿತಿಯ ದಾರಿಯೊಂದು ಪಕ್ಕದಲ್ಲೇ ಇದೆ, ಮತ್ತು ಆ ದಾರಿ ಬಹುಪಾಲು ದೊಡ್ಡ ಕಾನ್ಫರೆನ್ಸ್‌ಗಳ ತಂಡಗಳಿಗೇ ಒದಗುತ್ತದೆ. ನೇರ ಸ್ಥಾನವನ್ನು ಯಾರಿಗೆ ಕೊಡಬೇಕೆಂಬುದನ್ನು ಆಯಾ ಕಾನ್ಫರೆನ್ಸ್ ತಾನೇ ನಿರ್ಧರಿಸಬಹುದು. ಇಂದು ಎಲ್ಲವೂ ಅದನ್ನು ಲೀಗ್‌ನ ಅಗ್ರಸ್ಥಾನಿಗೆ ಕೊಡದೆ ಋತುವಿನ ಕೊನೆಯ ಟೂರ್ನಿಯನ್ನು ಗೆದ್ದ ತಂಡಕ್ಕೆ ಕೊಡುತ್ತಿವೆ.

ಈಗ 2022ರ ಕೆಂಟಕಿಯ ವಿಷಯಕ್ಕೆ ಬರೋಣ. ಆ ವರ್ಷದ ಫೆಬ್ರುವರಿಯಲ್ಲಿ ಕೆಂಟಕಿ 9 ಗೆಲುವು, 11 ಸೋಲುಗಳಲ್ಲಿ ನಿಂತಿತ್ತು. ರೈನ್ ಹೊವಾರ್ಡ್ ಅವರಂಥ ಆಟಗಾರ್ತಿ ಇದ್ದೂ ತಂಡ ಕುಸಿದಿತ್ತು. ಅಲ್ಲಿಂದ ಲೀಗ್‌ನ ಕೊನೆಯ ಆರು ಪಂದ್ಯಗಳನ್ನು ಗೆದ್ದು, 8 ಗೆಲುವು 8 ಸೋಲುಗಳೊಂದಿಗೆ ಏಳನೇ ಶ್ರೇಯಾಂಕದ ತಂಡವಾಗಿ ಅದು ನ್ಯಾಶ್‌ವಿಲ್‌ಗೆ ಬಂದಿತು. ಗುರುವಾರ ಮಿಸಿಸಿಪ್ಪಿ ಸ್ಟೇಟ್, ಶುಕ್ರವಾರ ಎರಡನೇ ಶ್ರೇಯಾಂಕದ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ), ಶನಿವಾರ ಮೂರನೇ ಶ್ರೇಯಾಂಕದ ಟೆನೆಸ್ಸಿ, ಹೀಗೆ ದಿನಕ್ಕೊಂದು ತಂಡವನ್ನು ಸೋಲಿಸಿ ಭಾನುವಾರ ದೇಶದ ಮೊದಲ ಕ್ರಮಾಂಕದ ಸೌತ್ ಕ್ಯಾರೊಲೈನಾ ಎದುರು ಫೈನಲ್‌ಗೆ ಇಳಿಯಿತು. ಹದಿನೈದು ಅಂಕಗಳಷ್ಟು ಹಿಂದೆ ಬಿದ್ದು, ಕೊನೆಯ ಕ್ವಾರ್ಟರ್‌ನಲ್ಲಿ ಒಂದೊಂದೇ ಬುಟ್ಟಿಯಾಗಿ ಅಂತರವನ್ನು ಕಡಿಮೆ ಮಾಡಿಕೊಂಡು ಬಂದಿತು. ಗಡಿಯಾರದಲ್ಲಿ 4.2 ಸೆಕೆಂಡ್ ಉಳಿದಿದ್ದಾಗ ಡ್ರಿಯೂನಾ ಎಡ್ವರ್ಡ್ಸ್ ಎಸೆದ ಮೂರು ಅಂಕಗಳ ಚೆಂಡು ಬುಟ್ಟಿ ಸೇರಿತು, ಫಲಿತಾಂಶ 64-62. ಕೆಂಟಕಿಗೆ ಅದು 1982ರ ನಂತರ ದಕ್ಕಿದ ಮೊದಲ ಎಸ್‌ಇಸಿ ಟೂರ್ನಿ ಪ್ರಶಸ್ತಿ.

ಮುಂದೆ ನಡೆದದ್ದನ್ನೂ ಹೇಳಲೇಬೇಕು. ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ ಕೆಂಟಕಿ, ಐವಿ ಲೀಗ್ ಎಂಬ ಕಾನ್ಫರೆನ್ಸ್‌ನಿಂದ ಬಂದ ಪ್ರಿನ್ಸ್‌ಟನ್‌ಗೆ 62-69ರಲ್ಲಿ ಸೋತು ಮನೆಗೆ ಹೋಯಿತು. ಸೌತ್ ಕ್ಯಾರೊಲೈನಾ ಆ ಇಡೀ ಋತುವಿನಲ್ಲಿ ಸೋತ ಎರಡೇ ಪಂದ್ಯಗಳಲ್ಲಿ ಆ ಫೈನಲ್ ಒಂದಾಗಿತ್ತು; ಅದು ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ತಂಡವನ್ನು 64-49ರಿಂದ ಮಣಿಸಿ ಚಾಂಪಿಯನ್ ಆಯಿತು. ಮರುವರ್ಷವೂ ಹೀಗೆಯೇ ಆಯಿತು: 2023ರ ರಾಷ್ಟ್ರೀಯ ಚಾಂಪಿಯನ್ ಎಲ್‌ಎಸ್‌ಯು ತನ್ನ ಕಾನ್ಫರೆನ್ಸ್ ಟೂರ್ನಿಯ ಸೆಮಿಫೈನಲ್‌ನಲ್ಲಿ, ದೊಡ್ಡ ಮುನ್ನಡೆಯನ್ನು ಕೈಬಿಟ್ಟು, ಟೆನೆಸ್ಸಿಗೆ ಎರಡು ಅಂಕಗಳಿಂದ ಸೋತಿತ್ತು. ಆದರೆ 2024ರಲ್ಲಿ ಸೌತ್ ಕ್ಯಾರೊಲೈನಾ, 2025ರಲ್ಲಿ ಯುಕಾನ್ ಎರಡೂ ಕಡೆ ಗೆದ್ದವು. ನಾಲ್ಕು ವರ್ಷಗಳಲ್ಲಿ ಎರಡು ಬಾರಿ ಹೀಗೆ, ಎರಡು ಬಾರಿ ಹಾಗೆ. ಇದರಿಂದ ಯಾವ ಸೂತ್ರವೂ ಹೊರಡುವುದಿಲ್ಲ.

ಸೋಲು ಇಷ್ಟು ಬೇಗ ಮಾಯಲು ಒಂದು ಸರಳ ಕಾರಣವಿದೆ, ಅದು ವೇಳಾಪಟ್ಟಿ. ಪುರುಷರ ದೊಡ್ಡ ಕಾನ್ಫರೆನ್ಸ್ ಟೂರ್ನಿಗಳು ರಾಷ್ಟ್ರೀಯ ಟೂರ್ನಿಯ ತಂಡಗಳನ್ನು ಪ್ರಕಟಿಸುವ ಭಾನುವಾರದವರೆಗೂ ನಡೆಯುತ್ತವೆ. ಮಹಿಳೆಯರ ದೊಡ್ಡ ಕಾನ್ಫರೆನ್ಸ್‌ಗಳು ಒಂದು ವಾರ ಮೊದಲೇ ಮುಗಿಸುತ್ತವೆ. 2025ರಲ್ಲಿ ಎಸ್‌ಇಸಿ ಫೈನಲ್ ಮಾರ್ಚ್ 9ಕ್ಕೆ, ತಂಡಗಳ ಪ್ರಕಟಣೆ 16ಕ್ಕೆ, ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು 21ಕ್ಕೆ ಆರಂಭವಾಯಿತು. ಹನ್ನೆರಡು ದಿನಗಳಲ್ಲಿ ಕಾಲಿನ ಊತ ಇಳಿಯುತ್ತದೆ, ತಪ್ಪುಗಳ ವಿಡಿಯೊ ನೋಡಿ ರಕ್ಷಣೆಯನ್ನು ಸರಿಪಡಿಸಿಕೊಳ್ಳಬಹುದು, ಮನಸ್ಸೂ ತಿಳಿಯಾಗುತ್ತದೆ. ಬಲಿಷ್ಠ ತಂಡಗಳ ಕೋಚ್‌ಗಳಿಗೆ ಇದು ಚೆನ್ನಾಗಿ ಗೊತ್ತು. 2025ರಲ್ಲಿ ಎಲ್‌ಎಸ್‌ಯು ತನ್ನ ಪ್ರಮುಖ ಆಟಗಾರ್ತಿ ಫ್ಲಾಜೆ ಜಾನ್ಸನ್ ಅವರನ್ನು ಮೊಣಕಾಲ ಕೆಳಗಿನ ಮೂಳೆಯ ನೋವಿನ ಕಾರಣಕ್ಕೆ ಎಸ್‌ಇಸಿ ಟೂರ್ನಿಯಿಂದ ಪೂರ್ತಿಯಾಗಿ ಹೊರಗಿರಿಸಿ ರಾಷ್ಟ್ರೀಯ ಟೂರ್ನಿಗೆ ಕಾಯ್ದಿಟ್ಟುಕೊಂಡಿತು. ಅದೇ ಟೂರ್ನಿಯಲ್ಲಿ ಆಡಿದ ಅನೀಸಾ ಮಾರೊ ಪಾದದ ನೋವಿನಿಂದ ಸೆಮಿಫೈನಲ್‌ನ ಮಧ್ಯೆ ಅಂಕಣ ಬಿಡಬೇಕಾಯಿತು. ಇಂಥ ಲೆಕ್ಕಾಚಾರ ಮಾಡುವ ಅವಕಾಶ ಸಣ್ಣ ಕಾನ್ಫರೆನ್ಸ್‌ನ ತಂಡಕ್ಕೆ ಇರುವುದಿಲ್ಲ.

ಹಾಗೆಂದು ದೊಡ್ಡ ತಂಡಗಳಿಗೆ ಈ ಟೂರ್ನಿಯಿಂದ ಏನೂ ಸಿಗುವುದಿಲ್ಲವೆಂದು ತಿಳಿಯಬಾರದು. ಮಹಿಳಾ ವಿಭಾಗದಲ್ಲಿ ಪುರುಷರಲ್ಲಿ ಇಲ್ಲದ ನಿಯಮವೊಂದಿದೆ: ರಾಷ್ಟ್ರೀಯ ಟೂರ್ನಿಯ ಅಗ್ರ 16 ತಂಡಗಳು ಮೊದಲ ಎರಡು ಸುತ್ತುಗಳನ್ನು ತಮ್ಮ ಕ್ಯಾಂಪಸ್‌ನಲ್ಲೇ, ತಮ್ಮ ಪ್ರೇಕ್ಷಕರ ಮುಂದೆಯೇ ಆಡುತ್ತವೆ. ಆದ್ದರಿಂದ 16ನೇ ಸ್ಥಾನಕ್ಕೂ 17ನೇ ಸ್ಥಾನಕ್ಕೂ ನಡುವಿನ ಅಂತರ ಕಾಗದದ ಮೇಲೆ ಒಂದೇ ಆದರೂ ಆಟದ ಮಟ್ಟಿಗೆ ಬಹಳ ದೊಡ್ಡದು. ಒಂದು ತಂಡ ಮನೆಯಲ್ಲಿ ಆಡಿದರೆ ಇನ್ನೊಂದು ವಿಮಾನ ಹತ್ತಿ ಎದುರಾಳಿಯ ಊರಿಗೆ ಹೋಗಬೇಕು. ಕಾನ್ಫರೆನ್ಸ್ ಟೂರ್ನಿಯಲ್ಲಿ ಎರಡು ಒಳ್ಳೆಯ ಗೆಲುವು ಈ ಗೆರೆಯನ್ನು ದಾಟಿಸಬಲ್ಲವು. 2023ರ ವರ್ಜೀನಿಯಾ ಟೆಕ್ ತಂಡವನ್ನೇ ನೋಡಿ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಮೂರನೇ ಶ್ರೇಯಾಂಕದಲ್ಲಿದ್ದ ಅದು ಗ್ರೀನ್ಸ್‌ಬರೊದಲ್ಲಿ ನಡೆದ ಟೂರ್ನಿಯ ಫೈನಲ್‌ನಲ್ಲಿ ಲೂಯಿವಿಲ್ ತಂಡವನ್ನು 75-67ರಿಂದ ಸೋಲಿಸಿ ಮೊದಲ ಬಾರಿಗೆ ಆ ಪ್ರಶಸ್ತಿ ಪಡೆಯಿತು. ಅದರ ಬಲದಿಂದ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಯ ನಾಲ್ಕು ಅಗ್ರ ಶ್ರೇಯಾಂಕಗಳಲ್ಲಿ ಒಂದನ್ನು ಗಳಿಸಿತು, ಬ್ಲ್ಯಾಕ್ಸ್‌ಬರ್ಗ್‌ನ ತನ್ನ ಅಂಕಣದಲ್ಲಿ ಎರಡು ಸುತ್ತು ಗೆದ್ದಿತು, ಕೊನೆಗೆ ಅಂತಿಮ ನಾಲ್ಕರ ಹಂತವನ್ನೂ ತಲುಪಿತು. 2025ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್‌ನ ಯುಸಿಎಲ್‌ಎ ಲೀಗ್ ಹಂತದಲ್ಲಿ ಎರಡೇ ಪಂದ್ಯ ಸೋತಿತ್ತು. ಎರಡೂ ಲಾಸ್ ಏಂಜಲೀಸ್‌ನ ನೆರೆಯ ಯುಎಸ್‌ಸಿ ಎದುರು. ಲೀಗ್ ಪ್ರಶಸ್ತಿ ಯುಎಸ್‌ಸಿಗೆ ಹೋಯಿತು. ಆದರೆ ಇಂಡಿಯಾನಾಪೊಲಿಸ್‌ನ ಫೈನಲ್‌ನಲ್ಲಿ ಅದೇ ಯುಎಸ್‌ಸಿಯನ್ನು 72-67ರಿಂದ ಸೋಲಿಸಿದ ಯುಸಿಎಲ್‌ಎಗೆ ಆಯ್ಕೆ ಸಮಿತಿ 68 ತಂಡಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನ ಕೊಟ್ಟಿತು.

ನಾಣ್ಯ ಚಿಮ್ಮಿದ ಪ್ರಸಂಗ ಕೇಳಲು ವಿಚಿತ್ರವೆನಿಸಿದರೂ ಅದರ ಹಿಂದಿನ ಕಾರಣ ಗಂಭೀರವಾದದ್ದು. 2024ರಲ್ಲಿ ಟೆಕ್ಸಸ್ ಮತ್ತು ಓಕ್ಲಹೋಮ ಸೇರಿದ ಮೇಲೆ ಎಸ್‌ಇಸಿಯಲ್ಲಿ 16 ತಂಡಗಳಾದವು, ಆದರೆ ಪ್ರತಿ ತಂಡ ಆಡುವ ಲೀಗ್ ಪಂದ್ಯಗಳು 16 ಮಾತ್ರ. ಅಂದರೆ ಹದಿನಾಲ್ಕು ಎದುರಾಳಿಗಳ ಜೊತೆ ಒಂದೊಂದು ಪಂದ್ಯ, ಒಬ್ಬರ ಜೊತೆ ಮಾತ್ರ ಎರಡು. ಎಲ್ಲರೂ ಎಲ್ಲರ ಊರಿಗೂ ಹೋಗಿ ಆಡುವ ಹಳೆಯ ಲೀಗ್ ಇದಲ್ಲ. ಸೌತ್ ಕ್ಯಾರೊಲೈನಾ ಮತ್ತು ಟೆಕ್ಸಸ್ ಪರಸ್ಪರ ಎರಡು ಬಾರಿ ಆಡಿ ಒಂದೊಂದು ಗೆದ್ದವು, ಉಳಿದೆಲ್ಲರನ್ನೂ ಸೋಲಿಸಿದವು; ಇಬ್ಬರದೂ 15 ಗೆಲುವು, 1 ಸೋಲು. ನಿಯಮಾವಳಿಯ ಉಳಿದ ಅಳತೆಗಳೂ ಸಮನಾದಾಗ ಕಾನ್ಫರೆನ್ಸ್‌ನ ಆಯುಕ್ತ ಗ್ರೆಗ್ ಸ್ಯಾಂಕಿ ಟಿವಿಯ ನೇರ ಪ್ರಸಾರದಲ್ಲಿ ನಾಣ್ಯ ಚಿಮ್ಮಿದರು, ಸೌತ್ ಕ್ಯಾರೊಲೈನಾ ಅಗ್ರ ಶ್ರೇಯಾಂಕ ಪಡೆಯಿತು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಲೀಗ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ನಾಣ್ಯ ನಿರ್ಧರಿಸಿದ್ದು ಟೂರ್ನಿಯ ಪಟ್ಟಿಯಲ್ಲಿ ಯಾರ ಹೆಸರು ಯಾವ ಅರ್ಧದಲ್ಲಿರಬೇಕು ಎಂಬುದನ್ನಷ್ಟೇ. ಮೊದಲ ನಾಲ್ಕೂ ಶ್ರೇಯಾಂಕಗಳಿಗೆ ಎರಡೆರಡು ಸುತ್ತಿನ ಬೈ, ಅಂದರೆ ಆಡದೆಯೇ ಮುಂದಕ್ಕೆ ಹೋಗುವ ಅವಕಾಶ, ಇರುವುದರಿಂದ ಇಬ್ಬರಿಗೂ ಫೈನಲ್‌ಗೆ ಎರಡು ಪಂದ್ಯಗಳ ದಾರಿಯೇ ಇತ್ತು. ಇಬ್ಬರೂ ಫೈನಲ್ ತಲುಪಿದರು, ಸೌತ್ ಕ್ಯಾರೊಲೈನಾ 64-45ರಿಂದ ಗೆದ್ದಿತು. ನಾಣ್ಯ ಅರೆಮನಸ್ಸಿನಲ್ಲಿ ಹೇಳಿದ ಉತ್ತರವನ್ನು ಅಂಕಣ ಪೂರ್ತಿ ಹೇಳಿತು. ತಂಡಗಳು ಹೆಚ್ಚುತ್ತಾ ಹೋಗಿ ಲೀಗ್ ಹಂತ ಅಸಮವಾದಷ್ಟೂ ಟೂರ್ನಿಯ ಅಗತ್ಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಆದರೂ ಈ ಟೂರ್ನಿಗಳ ಜೀವ ಇರುವುದು ಸಣ್ಣ ಕಾನ್ಫರೆನ್ಸ್‌ಗಳಲ್ಲಿ. ದೇಶದ 31 ಕಾನ್ಫರೆನ್ಸ್‌ಗಳಲ್ಲಿ ಹೆಚ್ಚಿನವಕ್ಕೆ ಸಿಗುವುದು ಒಂದೇ ಸ್ಥಾನ, ಅಂದರೆ ಟೂರ್ನಿ ಗೆದ್ದವರ ಸ್ಥಾನ. ಅಲ್ಲಿ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಆಡಿದ್ದೆಲ್ಲ ಮಾರ್ಚ್‌ನ ಮೂರು ಪಂದ್ಯಗಳ ಮುಂದೆ ಹಿನ್ನೆಲೆಗೆ ಸರಿಯುತ್ತದೆ. ಇದರ ಕಟು ಮತ್ತು ಸಿಹಿ ಎರಡೂ ಮುಖಗಳನ್ನು ಒಟ್ಟಿಗೆ ತೋರಿಸಿದ್ದು 2025ರ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಟೂರ್ನಿ.

ಹಿಂದಿನ ವರ್ಷ, 2024ರಲ್ಲಿ, ಒರೆಗಾನ್ ಸ್ಟೇಟ್ ತಂಡ ಪ್ಯಾಕ್-12 ಕಾನ್ಫರೆನ್ಸ್‌ನ ಸದಸ್ಯನಾಗಿ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಹಂತ ತಲುಪಿತ್ತು. ಆ ಬೇಸಿಗೆಯಲ್ಲಿ ಪ್ಯಾಕ್-12 ಒಡೆಯಿತು. ಹತ್ತು ವಿಶ್ವವಿದ್ಯಾಲಯಗಳು ಹೆಚ್ಚಿನ ಟಿವಿ ಹಣವಿರುವ ಕಡೆಗೆ ಹೋದವು, ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಮಾತ್ರ ಉಳಿದವು. ಆಟಗಾರ್ತಿಯರೂ ಚದುರಿದರು: ರೇಗನ್ ಬಿಯರ್ಸ್ ಓಕ್ಲಹೋಮಕ್ಕೆ, ಟಿಮಿಯಾ ಗಾರ್ಡಿನರ್ ಯುಸಿಎಲ್‌ಎಗೆ, ಟಾಲಿಯಾ ವಾನ್ ಓಲ್‌ಹಾಫೆನ್ ಯುಎಸ್‌ಸಿಗೆ ಹೋದರು. ಕೋಚ್ ಸ್ಕಾಟ್ ರೂಕ್ ಬಹುತೇಕ ಹೊಸ ತಂಡವನ್ನೇ ಕಟ್ಟಬೇಕಾಯಿತು. ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಅತಿಥಿ ಸದಸ್ಯನಾಗಿ ಆಡಿದ ಆ ತಂಡ ಲೀಗ್‌ನಲ್ಲಿ ನಾಲ್ಕನೇ ಶ್ರೇಯಾಂಕ ಪಡೆಯಿತು. ಆಯ್ಕೆ ಸಮಿತಿಯ ದಾರಿಯಲ್ಲಿ ಅದಕ್ಕೆ ಯಾವ ಆಸೆಯೂ ಇರಲಿಲ್ಲ. ಲಾಸ್ ವೇಗಸ್‌ನಲ್ಲಿ ನಡೆದ ಟೂರ್ನಿಯ ಸೆಮಿಫೈನಲ್‌ನಲ್ಲಿ ಅದು ಗೊನ್ಜಾಗಾ ತಂಡವನ್ನು ಕೊನೆಯ ಗಳಿಗೆಯ ಬುಟ್ಟಿಯಿಂದ ಸೋಲಿಸಿತು, ಫೈನಲ್‌ನಲ್ಲಿ ಪೋರ್ಟ್‌ಲ್ಯಾಂಡ್ ತಂಡವನ್ನು 59-46ರಿಂದ ಮಣಿಸಿತು, ಮತ್ತು ಎಲ್ಲವನ್ನೂ ಕಳೆದುಕೊಂಡಿದೆ ಎಂದುಕೊಂಡಿದ್ದ ವರ್ಷವೇ ರಾಷ್ಟ್ರೀಯ ಟೂರ್ನಿಗೆ ಹೋಯಿತು. ಅಲ್ಲಿ ನಾರ್ತ್ ಕ್ಯಾರೊಲೈನಾ ಎದುರು ಮೊದಲ ಸುತ್ತಿನಲ್ಲೇ ಸೋತಿತು. ಆದರೂ ಆ ಋತುವನ್ನು ಸೋಲಿನ ಋತುವೆಂದು ಯಾರೂ ಕರೆಯಲಾರರು.

ಈಗ ಅದೇ ಕಥೆಯನ್ನು ಗೊನ್ಜಾಗಾ ಮತ್ತು ಪೋರ್ಟ್‌ಲ್ಯಾಂಡ್ ಕಡೆಯಿಂದ ನೋಡಿ. ಲೀಗ್‌ನಲ್ಲಿ ಎಲ್ಲರಿಗಿಂತ ಮೇಲಿದ್ದ ತಂಡಗಳು ಇವೆರಡೇ. ಎರಡಕ್ಕೂ ರಾಷ್ಟ್ರೀಯ ಟೂರ್ನಿ ತಪ್ಪಿತು. ಎರಡೂವರೆ ತಿಂಗಳ ಶ್ರಮವನ್ನು ಒಂದು ಸಂಜೆಯ ಆಟ ಅಳಿಸಿಹಾಕಿತು. ತಮ್ಮ ಪ್ರಶ್ನೆಯಲ್ಲಿರುವ ಆಕ್ಷೇಪ ನಿಜವಾಗಿ ತಟ್ಟುವುದು ಇಲ್ಲಿ, ಎಸ್‌ಇಸಿಯಲ್ಲಿ ಅಲ್ಲ. ಈ ನೋವನ್ನು ತಗ್ಗಿಸಲು ಕಾನ್ಫರೆನ್ಸ್‌ಗಳು ಕೆಲವು ಉಪಾಯಗಳನ್ನು ಕಂಡುಕೊಂಡಿವೆ. ವೆಸ್ಟ್ ಕೋಸ್ಟ್‌ನಲ್ಲಿ ಮೊದಲ ಎರಡು ಶ್ರೇಯಾಂಕದವರು ನೇರವಾಗಿ ಸೆಮಿಫೈನಲ್‌ಗೆ ಹೋಗುತ್ತಾರೆ. ಕೆಳಗಿನವರು ಮೆಟ್ಟಿಲು ಮೆಟ್ಟಿಲಾಗಿ ಏರಿ ಬರಬೇಕು. ಪೇಟ್ರಿಯಟ್ ಲೀಗ್ ಮತ್ತು ಅಮೆರಿಕ ಈಸ್ಟ್ ಕಾನ್ಫರೆನ್ಸ್‌ಗಳು ಟೂರ್ನಿಯನ್ನು ಒಂದೇ ಊರಿನಲ್ಲಿ ನಡೆಸದೆ, ಪ್ರತಿ ಪಂದ್ಯವನ್ನೂ ಮೇಲಿನ ಶ್ರೇಯಾಂಕದ ತಂಡದ ಅಂಕಣದಲ್ಲೇ ನಡೆಸುತ್ತವೆ. ಐವಿ ಲೀಗ್ ಎಂಟು ತಂಡಗಳಲ್ಲಿ ನಾಲ್ಕಕ್ಕೆ ಮಾತ್ರ ಪ್ರವೇಶ ಕೊಡುತ್ತದೆ. ಲೀಗ್ ಗೆದ್ದೂ ರಾಷ್ಟ್ರೀಯ ಟೂರ್ನಿ ತಪ್ಪಿಸಿಕೊಂಡ ತಂಡಗಳಿಗೆ 2024ರಿಂದ 32 ತಂಡಗಳ ಇನ್ನೊಂದು ಟೂರ್ನಿಯನ್ನೂ ಎನ್‌ಸಿಎಎ ಆರಂಭಿಸಿದೆ. ಅದು ಸಮಾಧಾನದ ಬಹುಮಾನವೇ ಹೊರತು ಬದಲಿಯಲ್ಲ.

ಈ ಉಪಾಯಗಳಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವುದು ಮೇಲಿನ ತಂಡದ ಮನೆಯಂಗಳದಲ್ಲಿ ಆಡಿಸುವ ಪದ್ಧತಿ. ಲೀಗ್‌ನಲ್ಲಿ ಗಳಿಸಿದ್ದಕ್ಕೆ ಅದರಲ್ಲಿ ಕಣ್ಣಿಗೆ ಕಾಣುವ ಪ್ರತಿಫಲವಿದೆ, ಮತ್ತು ಖಾಲಿ ಕುರ್ಚಿಗಳ ಮುಂದೆ ಫೈನಲ್ ಆಡುವ ಸಂಕಟ ತಪ್ಪುತ್ತದೆ. ಸಾವಿರ ಕಿಲೋಮೀಟರ್ ದೂರದ ದೊಡ್ಡ ಸಭಾಂಗಣದಲ್ಲಿ ಹೆತ್ತವರು ಮತ್ತು ವಾದ್ಯವೃಂದದವರಷ್ಟೇ ಕೂತಿರುವ ಪಂದ್ಯಕ್ಕಿಂತ, ಎರಡು ಸಾವಿರ ಜನರ ಸಣ್ಣ ಜಿಮ್ ತುಂಬಿ ತುಳುಕುವ ಪಂದ್ಯ ಆಟಗಾರ್ತಿಯರಿಗೆ ಸಲ್ಲಬೇಕಾದ ಗೌರವ. ಮೆಟ್ಟಿಲಿನ ಪದ್ಧತಿಯ ಬಗ್ಗೆ ನನ್ನದೊಂದು ಸಣ್ಣ ತಕರಾರಿದೆ: ವಾರಕ್ಕೂ ಹೆಚ್ಚು ಕಾಲ ಆಡದೆ ಕೂತು ಬಂದ ಅಗ್ರ ತಂಡ, ಎರಡು ಪಂದ್ಯ ಗೆದ್ದು ಕೈ ಪಳಗಿಸಿಕೊಂಡ ತಂಡದ ಎದುರು ಮೊದಲ ಕ್ವಾರ್ಟರ್‌ನಲ್ಲಿ ತಡವರಿಸುವುದುಂಟು.

ಟೂರ್ನಿಯೇ ಇಲ್ಲದಿದ್ದರೆ ಹೇಗಿರುತ್ತಿತ್ತು ಎಂಬುದಕ್ಕೂ ಉದಾಹರಣೆ ಇದೆ. ಐವಿ ಲೀಗ್ 2017ರವರೆಗೆ ಕಾನ್ಫರೆನ್ಸ್ ಟೂರ್ನಿಯನ್ನೇ ನಡೆಸುತ್ತಿರಲಿಲ್ಲ. ಲೀಗ್‌ನ ಅಗ್ರಸ್ಥಾನಿಯೇ ನೇರವಾಗಿ ರಾಷ್ಟ್ರೀಯ ಟೂರ್ನಿಗೆ ಹೋಗುತ್ತಿತ್ತು. ಹಾಗೆ ಹೋದ 1998ರ ಹಾರ್ವರ್ಡ್ ತಂಡ 16ನೇ ಶ್ರೇಯಾಂಕದಿಂದ (ರಾಷ್ಟ್ರೀಯ ಟೂರ್ನಿಯ ನಾಲ್ಕು ವಿಭಾಗಗಳಲ್ಲಿ ಪ್ರತಿಯೊಂದರ ಕೊನೆಯ ಶ್ರೇಯಾಂಕ) ಆಡಿ, ಅಗ್ರ ಶ್ರೇಯಾಂಕದ ಸ್ಟ್ಯಾನ್‌ಫರ್ಡ್ ತಂಡವನ್ನು ಅದರದೇ ಅಂಕಣದಲ್ಲಿ 71-67ರಿಂದ ಸೋಲಿಸಿತು. ಆ ಹಳೆಯ ಕ್ರಮದಲ್ಲೂ ಒಂದು ಘನತೆಯಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ 2025ರಲ್ಲಿ ನಡೆದದ್ದನ್ನು ನೋಡಿ: ಲೀಗ್ ಗೆದ್ದಿದ್ದ ಕೊಲಂಬಿಯಾ ಟೂರ್ನಿಯ ಫೈನಲ್‌ನಲ್ಲಿ ಹಾರ್ವರ್ಡ್‌ಗೆ ಸೋತಿತು, ಹಾರ್ವರ್ಡ್‌ಗೆ ನೇರ ಸ್ಥಾನ ಸಿಕ್ಕಿತು, ಕೊಲಂಬಿಯಾ ಮತ್ತು ಪ್ರಿನ್ಸ್‌ಟನ್ ತಂಡಗಳನ್ನು ಆಯ್ಕೆ ಸಮಿತಿ ಆರಿಸಿತು. ಐವಿ ಲೀಗ್‌ನ ಮೂರು ಮಹಿಳಾ ತಂಡಗಳು ಒಟ್ಟಿಗೆ ರಾಷ್ಟ್ರೀಯ ಟೂರ್ನಿ ಆಡಿದ್ದು ಅದೇ ಮೊದಲು, ಮತ್ತು ಕೊಲಂಬಿಯಾ ಅಲ್ಲಿ ತನ್ನ ಮೊದಲ ಗೆಲುವನ್ನೂ ಕಂಡಿತು. ಲೀಗ್‌ನ ಒಟ್ಟು ಮಟ್ಟ ಚೆನ್ನಾಗಿದ್ದರೆ ಟೂರ್ನಿಯ ಸೋಲು ಅಗ್ರಸ್ಥಾನಿಯನ್ನು ಮುಳುಗಿಸುವುದಿಲ್ಲ. ಹೀಗೆ ಅನಿರೀಕ್ಷಿತ ತಂಡ ನೇರ ಸ್ಥಾನ ಗೆದ್ದಾಗ ಇನ್ನೆಲ್ಲೋ ದೊಡ್ಡ ಕಾನ್ಫರೆನ್ಸ್‌ನ ಗಡಿಯಲ್ಲಿದ್ದ ತಂಡವೊಂದರ ಸ್ಥಾನ ಹೋಗುತ್ತದೆ; ಮಾರ್ಚ್‌ನ ಆ ವಾರದಲ್ಲಿ ದೂರದ ಯಾವುದೋ ಪಂದ್ಯವನ್ನು ಸಂಬಂಧವಿಲ್ಲದ ಊರಿನ ಆಟಗಾರ್ತಿಯರು ಉಸಿರು ಬಿಗಿಹಿಡಿದು ನೋಡುವುದು ಇದೇ ಕಾರಣಕ್ಕೆ.

ಹಣದ ಮಾತನ್ನೂ ಹೇಳದೆ ಬಿಡುವಂತಿಲ್ಲ. ಪುರುಷರ ರಾಷ್ಟ್ರೀಯ ಟೂರ್ನಿಯಲ್ಲಿ ಫೈನಲ್ ಹೊರತು ಒಂದು ತಂಡ ಆಡುವ ಪ್ರತಿ ಪಂದ್ಯಕ್ಕೂ ಅದರ ಕಾನ್ಫರೆನ್ಸ್‌ಗೆ ಪಾಲು ಸಂದಾಯವಾಗುವ ವ್ಯವಸ್ಥೆ ದಶಕಗಳಿಂದ ಇದೆ. ಮಹಿಳೆಯರಿಗೆ ಅದು ಇರಲಿಲ್ಲ. ಎಷ್ಟೇ ಗೆದ್ದರೂ ಕಾನ್ಫರೆನ್ಸ್‌ನ ಖಾತೆಗೆ ಬರುತ್ತಿದ್ದುದು ಸೊನ್ನೆ. 2025ರ ಜನವರಿಯಲ್ಲಿ ಎನ್‌ಸಿಎಎ ಸದಸ್ಯರು ಇದನ್ನು ಬದಲಿಸಿದರು. ಮೊದಲ ವರ್ಷಕ್ಕೆ 1.5 ಕೋಟಿ ಡಾಲರ್, ಮೂರನೇ ವರ್ಷದ ಹೊತ್ತಿಗೆ 2.5 ಕೋಟಿ ಡಾಲರ್ ನಿಧಿ ಎಂದು ನಿಗದಿಯಾಯಿತು. ಪುರುಷರ ನಿಧಿಯ ಮುಂದೆ ಇದು ಸಣ್ಣ ಮೊತ್ತವೇ. ಆದರೂ ಸಣ್ಣ ಕಾನ್ಫರೆನ್ಸ್ ಒಂದು ತನ್ನ ಟೂರ್ನಿಯಿಂದ ಯಾರನ್ನು ಕಳುಹಿಸುತ್ತದೆ, ಆ ತಂಡ ಒಂದು ಪಂದ್ಯವನ್ನಾದರೂ ಗೆಲ್ಲಬಲ್ಲುದೇ ಎಂಬ ಪ್ರಶ್ನೆಗೆ ಈಗ ಬೆಲೆ ಬಂದಿದೆ. ಅಗ್ರ ತಂಡಕ್ಕೆ ರಕ್ಷಣೆ ಕೊಡುವ ಪದ್ಧತಿಗಳು ಮುಂದಿನ ವರ್ಷಗಳಲ್ಲಿ ಹೆಚ್ಚಲಿವೆ ಎಂದು ನಾನು ನಿರೀಕ್ಷಿಸುವುದು ಈ ಕಾರಣದಿಂದಲೇ.

ಇಷ್ಟೆಲ್ಲ ಲೆಕ್ಕದ ಆಚೆಗೆ, ಮಹಿಳೆಯರ ಆಟಕ್ಕೆ ಈ ಟೂರ್ನಿಗಳು ಇನ್ನೊಂದು ಬಗೆಯಲ್ಲಿ ಮುಖ್ಯ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲಿ. ಎನ್‌ಸಿಎಎ ಮಹಿಳೆಯರ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಟೂರ್ನಿ ಆರಂಭಿಸಿದ್ದು ಹತ್ತು ವರ್ಷಗಳ ನಂತರ, 1982ರಲ್ಲಿ. ಆದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಮಹಿಳಾ ಟೂರ್ನಿ 1978ರಲ್ಲೇ, ಎಸ್‌ಇಸಿಯದು 1980ರಲ್ಲೇ ಆರಂಭವಾಗಿತ್ತು. ರಾಷ್ಟ್ರೀಯ ವೇದಿಕೆ ಪೂರ್ತಿ ಸಿಗುವ ಮೊದಲೇ ಪ್ರಾದೇಶಿಕ ವೇದಿಕೆ ಇತ್ತು, ಹಳೆಯ ಹಗೆತನ ಮತ್ತು ಅಭಿಮಾನಗಳು ಅಲ್ಲೇ ಬೆಳೆದವು. 1974ರಿಂದ 2012ರವರೆಗೆ ಟೆನೆಸ್ಸಿ ತಂಡಕ್ಕೆ ಕೋಚ್ ಆಗಿದ್ದ ಪ್ಯಾಟ್ ಸಮಿಟ್ ಎಂಟು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. ಟೆನೆಸ್ಸಿಯ ಬಳಿ 17 ಎಸ್‌ಇಸಿ ಟೂರ್ನಿ ಪ್ರಶಸ್ತಿಗಳೂ ಇವೆ. ಕೋಚ್ ಡಾನ್ ಸ್ಟೇಲಿ ಅವರ ಸೌತ್ ಕ್ಯಾರೊಲೈನಾ 2015ರಿಂದ 2025ರ ನಡುವೆ ಒಂಬತ್ತು ಬಾರಿ ಅದೇ ಪ್ರಶಸ್ತಿ ಗೆದ್ದಿದೆ.

ಆ ಒಂಬತ್ತರಲ್ಲಿ 2024ರದು ಕೈತಪ್ಪಿಯೇ ಹೋಗುತ್ತಿತ್ತು. ಒಂದೂ ಪಂದ್ಯ ಸೋಲದೆ ಬಂದಿದ್ದ ತಂಡ ಟೆನೆಸ್ಸಿ ಎದುರಿನ ಸೆಮಿಫೈನಲ್‌ನಲ್ಲಿ 1.1 ಸೆಕೆಂಡ್ ಉಳಿದಿದ್ದಾಗ ಎರಡು ಅಂಕ ಹಿಂದಿತ್ತು. ಆರು ಅಡಿ ಏಳು ಅಂಗುಲ ಎತ್ತರದ ಸೆಂಟರ್ ಕಮಿಲಾ ಕಾರ್ಡೊಸೊ, ಕಾಲೇಜು ಆಟದಲ್ಲಿ ಅದುವರೆಗೆ ಒಂದೂ ಮೂರು ಅಂಕದ ಎಸೆತವನ್ನು ಬುಟ್ಟಿಗೆ ಹಾಕಿರದವರು, ದೂರದಿಂದ ಎಸೆದ ಚೆಂಡು ಹಿಂದಿನ ಫಲಕಕ್ಕೆ ಬಡಿದು ಒಳಗೆ ಬಿತ್ತು, 74-73. ಆ ತಂಡ ಆ ವರ್ಷ 38 ಪಂದ್ಯಗಳನ್ನೂ ಗೆದ್ದು ಮುಗಿಸಿತು. ಅದೇ ವಾರ ಮಿನಿಯಾಪೊಲಿಸ್‌ನಲ್ಲಿ ಬಿಗ್ ಟೆನ್ ಟೂರ್ನಿಯ ಟಿಕೆಟ್‌ಗಳು ಮೊದಲೇ ಖಾಲಿಯಾಗಿದ್ದವು, ಒಟ್ಟು 1 ಲಕ್ಷ 9 ಸಾವಿರಕ್ಕೂ ಹೆಚ್ಚು ಜನ ಬಂದರು. ಫೈನಲ್‌ನ ಮೊದಲಾರ್ಧದಲ್ಲಿ ಬರೀ ನಾಲ್ಕು ಅಂಕ ಗಳಿಸಿದ್ದ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಅನಂತರ ಮೂವತ್ತು ಸೇರಿಸಿ, ಹೆಚ್ಚುವರಿ ಅವಧಿಯಲ್ಲಿ ನೆಬ್ರಾಸ್ಕಾವನ್ನು 94-89ರಿಂದ ಸೋಲಿಸಿದರು. ಒಂದು ಪ್ರದೇಶದ ಹತ್ತಾರು ಊರುಗಳ ಜನ ಒಂದೇ ಸೂರಿನಡಿ ಐದು ದಿನ ಮಹಿಳೆಯರ ಆಟವನ್ನಷ್ಟೇ ನೋಡಲು ಸೇರುವ ಸಂದರ್ಭ ಲೀಗ್ ಹಂತದಲ್ಲಿ ಸಿಗುವುದಿಲ್ಲ.

ಇಲ್ಲಿ ಒಂದು ಟೀಕೆಯನ್ನು ಹೇಳಲೇಬೇಕು. ಎಸ್‌ಇಸಿ ಟೂರ್ನಿ ಕೆಲವು ವರ್ಷಗಳಿಂದ ಸೌತ್ ಕ್ಯಾರೊಲೈನಾ ರಾಜ್ಯದ ಗ್ರೀನ್‌ವಿಲ್‌ನಲ್ಲೇ ನಡೆಯುತ್ತಿದೆ. ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯವಿರುವ ಕೊಲಂಬಿಯಾ ನಗರ ಅಲ್ಲಿಂದ ಸುಮಾರು 160 ಕಿಲೋಮೀಟರ್. ಕುರ್ಚಿಗಳು ತುಂಬುತ್ತವೆ ಎಂಬುದು ನಿಜ, ಅದು ಸಣ್ಣ ವಿಷಯವಲ್ಲ. ಆದರೆ ತುಂಬುವವರು ಬಹುಪಾಲು ಒಂದೇ ತಂಡದವರು. ಸಣ್ಣ ಕಾನ್ಫರೆನ್ಸ್‌ನಲ್ಲಿ ತವರು ಅಂಕಣವನ್ನು ಲೀಗ್ ಆಡಿ ಗಳಿಸಬೇಕು, ಇಲ್ಲಿ ಅದು ಭೂಗೋಳದಿಂದಲೇ ಒದಗಿಬರುತ್ತದೆ. ನ್ಯಾಶ್‌ವಿಲ್‌ನಂಥ ಮಧ್ಯದ ಊರುಗಳಿಗೆ ಸರದಿಯಂತೆ ಹೋಗುವುದು ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ.

ತಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಹೌದು. ಬೆಂಗಳೂರಿನ ಸಂಜನಾ ರಮೇಶ್ ವಿದ್ಯಾರ್ಥಿವೇತನ ಪಡೆದು ನಾರ್ದರ್ನ್ ಆರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು. ಅದು ಬಿಗ್ ಸ್ಕೈ ಕಾನ್ಫರೆನ್ಸ್‌ನ ತಂಡ. ನಾನು ಮೇಲೆ ಹೇಳಿದ, ಒಂದೇ ಸ್ಥಾನಕ್ಕಾಗಿ ಎಲ್ಲರೂ ಹೋರಾಡುವ ಕಾನ್ಫರೆನ್ಸ್‌ಗಳಲ್ಲಿ ಅದೂ ಒಂದು. ಇಡಾಹೊ ರಾಜ್ಯದ ಬಾಯ್ಸಿಯಲ್ಲಿ ನಡೆಯುವ ಅದರ ಟೂರ್ನಿಯಲ್ಲಿ ನಾರ್ದರ್ನ್ ಆರಿಜೋನಾ 2023ರಲ್ಲಿ ಫೈನಲ್‌ವರೆಗೆ ಹೋಗಿ ಸ್ಯಾಕ್ರಮೆಂಟೊ ಸ್ಟೇಟ್‌ಗೆ ಸೋತಿತು, ರಾಷ್ಟ್ರೀಯ ಟೂರ್ನಿಯ ಸ್ಥಾನ ಒಂದು ಪಂದ್ಯದ ಅಂತರದಲ್ಲಿ ಹೋಯಿತು. ತಮ್ಮ ಮಗಳಿಗೆ ಈ ಆಟವನ್ನು ಕಲಿಯುವ ದೃಷ್ಟಿಯಿಂದ ನೋಡುವ ಆಸೆಯಿದ್ದರೆ ಮುಂದಿನ ಮಾರ್ಚ್‌ನಲ್ಲಿ ಎಸ್‌ಇಸಿ ಫೈನಲ್‌ನ ಜೊತೆಗೆ ಬಿಗ್ ಸ್ಕೈ ಅಥವಾ ವೆಸ್ಟ್ ಕೋಸ್ಟ್‌ನ ಸೆಮಿಫೈನಲ್‌ಗಳನ್ನೂ ನೋಡಲಿ. ಮೂರನೆಯ ದಿನ ಸತತವಾಗಿ ಆಡುತ್ತಿರುವ ತಂಡ ಯಾವಾಗ ಒಬ್ಬರಿಗೊಬ್ಬರು ಕಾವಲಿನಿಂದ ವಲಯ ರಕ್ಷಣೆಗೆ ಬದಲಾಗುತ್ತದೆ, ದಣಿದ ಕಾಲುಗಳಿಂದ ಹೊರಟ ದೂರದ ಎಸೆತ ರಿಂಗ್‌ನ ಮುಂಭಾಗಕ್ಕೇ ಏಕೆ ಬಡಿಯುತ್ತದೆ, ಏಳನೇ ಮತ್ತು ಎಂಟನೇ ಆಟಗಾರ್ತಿಯನ್ನು ಕೋಚ್ ಯಾವ ಗಳಿಗೆಯಲ್ಲಿ ಇಳಿಸುತ್ತಾರೆ ಎಂಬುದನ್ನು ಗಮನಿಸಲಿ. ವಲಯ ಮಟ್ಟದ ಟೂರ್ನಿಗಳಲ್ಲಿ ದಿನವೂ ಪಂದ್ಯವಿರುವ ನಮ್ಮ ಕಾಲೇಜು ಆಟಗಾರ್ತಿಯರಿಗೆ ಅಲ್ಲಿ ಕಲಿಯುವುದು ಬಹಳವಿದೆ.